ಕುಮಾರಪರ್ವತ ಹತ್ತುವ ಮುನ್ನ ಬೈಕಿಗೊಂದು ನೆಲೆ ನೋಡಿ
ಕುಮಾರಪರ್ವತಕ್ಕೆ ಹೊರಟವರು ದಯವಿಟ್ಟು ಬೈಕನ್ನು ಕಾಡಿನಂಚಿನಲ್ಲಿ ಒಂಟಿಯಾಗಿ ಬಿಡಬೇಡಿ. ಕುಕ್ಕೆಯಲ್ಲಿ ತಂಗಿದ ವಸತಿಗೃಹದ ಅಂಗಳದಲ್ಲೋ, ಯಾರದಾದರೂ ಮನೆಯೆದುರು ಕೇಳಿಕೊಂಡೋ ನಿಲ್ಲಿಸಿ; ಯಾವಾಗ ಮರಳುತ್ತೀರೆಂದೂ ಅವರಿಗೆ ಹೇಳಿ ಹೋಗಿ. ಮನುಷ್ಯರ ಕಣ್ಣಿಗಿಂತ ದೊಡ್ಡ ಬೀಗವಿಲ್ಲ.

ಹ್ಯಾಂಡಲ್ ಲಾಕ್ ಒಂದನ್ನೇ ನಂಬಬೇಡಿ, ಬಲವಾಗಿ ತಿರುಚಿದರೆ ಅದು ಮುರಿಯುತ್ತದೆ. ಮುಂದಿನ ಚಕ್ರಕ್ಕೆ ಡಿಸ್ಕ್ ಲಾಕ್ (ಬ್ರೇಕಿನ ತಟ್ಟೆಗೆ ಹಾಕುವ ಬೀಗ) ಹಾಕಿ, ಹಿಂದಿನ ಚಕ್ರದಲ್ಲಿ ಸರಪಳಿ ತೂರಿಸಿ ಕಂಬಕ್ಕೆ ಬಿಗಿಯಿರಿ. ಡಿಸ್ಕ್ ಲಾಕ್ ಇರುವುದನ್ನು ಮರೆತು ಹೊರಟರೆ ಬೀಳಬಹುದು; ನೆನಪಿಗೆಂದು ಹ್ಯಾಂಡಲ್‌ಗೆ ಕೆಂಪು ದಾರವೊಂದನ್ನು ಕಟ್ಟಿಕೊಳ್ಳಿ.

ಮೂಲ ಆರ್‌ಸಿಯನ್ನು (ನೋಂದಣಿ ಪತ್ರವನ್ನು) ಬೈಕಿನಲ್ಲಿ ಇಡಬೇಡಿ, ಮೊಬೈಲಿನ ಡಿಜಿಲಾಕರ್ ಪ್ರತಿ ಸಾಕು. ಎರಡನೇ ಕೀಲಿ ಮನೆಯಲ್ಲಿ ಭದ್ರವಾಗಿರಲಿ. ಬೈಕ್ ಕಳುವಾದರೆ ವಿಮಾ ಕಂಪನಿಯವರು ಸಾಮಾನ್ಯವಾಗಿ ಎಫ್‌ಐಆರ್ ಜೊತೆಗೆ ಎರಡೂ ಕೀಲಿ ಕೇಳುತ್ತಾರೆ. ಕಳುವು ಗೊತ್ತಾದ ಕೂಡಲೇ 112ಕ್ಕೆ ಕರೆ ಮಾಡಿ.