ಡ್ರೈಯರ್‌ನಿಂದ ಸುಟ್ಟ ವಾಸನೆ ಬಂದಾಗ

ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ ಮಾಳಿಗೆಯ ತಂತಿಗೆ ಹಾಕಿದ ಸೀರೆ, ನಾವು ಅಡುಗೆ ಮುಗಿಸಿ ಹೋಗುವಷ್ಟರಲ್ಲಿ ಗರಿಗರಿಯಾಗಿರುತ್ತದೆ. ಇಂಥ ಊರಿನಲ್ಲಿ ಬಟ್ಟೆ ಒಣಗಿಸುವ ಯಂತ್ರವೇಕೆ ಎಂದು ಮೊದಲು ಕೇಳಿದವಳು ನಾನೇ. ಆದರೆ ಮೊಮ್ಮಗುವಿನ ಅಂಗಿಯನ್ನು ಝಾಡಿಸಿದಾಗ ಏಳುತ್ತಿದ್ದ ಕೆಂಪು ಧೂಳನ್ನೂ, ಜಡಿಮಳೆ ಹಿಡಿದ ವಾರದಲ್ಲಿ ಮುಗ್ಗಲು ಹಿಡಿಯುತ್ತಿದ್ದ ಬಟ್ಟೆಗಳನ್ನೂ ನೋಡಿದ ಮೇಲೆ ನಾನೂ ಒಪ್ಪಿಕೊಂಡೆ. ಅಂದಿನಿಂದ ಈ ಯಂತ್ರದ ಜೊತೆ ಬದುಕಿ ಕಲಿತದ್ದನ್ನು, ಅದರಲ್ಲೂ ಸುಟ್ಟ ವಾಸನೆಯ ವಿಷಯವನ್ನು, ಹೊಸದಾಗಿ ಡ್ರೈಯರ್ ತಂದಿರುವ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಹೇಳಬೇಕೆನಿಸಿದೆ.

ವಾಸನೆ ಬಂದ ಕೂಡಲೇ ಯಂತ್ರವನ್ನು ನಿಲ್ಲಿಸಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಬೇಕು. ಇನ್ನು ಹತ್ತೇ ನಿಮಿಷ ಉಳಿದಿದೆ, ಮುಗಿದುಬಿಡಲಿ ಎಂದು ಕಾಯಬಾರದು. ಹೊಗೆ ಕಾಣಿಸಿದರೆ ಪ್ಲಗ್ಗಿನ ಹತ್ತಿರವೂ ಹೋಗದೆ ಮೇನ್ ಸ್ವಿಚ್ ಇಳಿಸಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಕರೆ ಮಾಡಬೇಕು. ಆಗ ಯಂತ್ರದ ಬಾಗಿಲನ್ನು ಖಂಡಿತ ತೆರೆಯಬಾರದು. ಒಳಗೆ ಹೊಗೆಯಾಡುತ್ತಿರುವ ಬೆಂಕಿಗೆ ಗಾಳಿ ಸಿಕ್ಕರೆ ಭುಗಿಲೇಳುತ್ತದೆ. ವಿದ್ಯುತ್ ಇರುವ ಯಂತ್ರದ ಮೇಲೆ ನೀರು ಸುರಿಯುವುದೂ ಜೀವಕ್ಕೆ ಅಪಾಯ. ಬರೀ ವಾಸನೆಯಾಗಿದ್ದರೆ, ಯಂತ್ರ ಪೂರ್ತಿ ತಣ್ಣಗಾದ ಮೇಲೆ ಬಟ್ಟೆಗಳನ್ನು ತೆಗೆದು, ಗುಡ್ಡೆ ಹಾಕದೆ ಒಂದೊಂದಾಗಿ ಹರಡಬೇಕು.

ಅನಂತರ ಆ ವಾಸನೆ ಎಂಥದ್ದು ಎಂದು ನೆನಪು ಮಾಡಿಕೊಳ್ಳಬೇಕು. ದೀಪದ ಬತ್ತಿ ಆರಿದಾಗಿನಂತೆ ಹತ್ತಿ ಸೀದ ವಾಸನೆಯಾದರೆ ತಪ್ಪು ಬಹುಮಟ್ಟಿಗೆ ಬಟ್ಟೆಯಿಂದ ಉದುರುವ ನಾರಿನದು. ನಮ್ಮದು ಜೀನ್ಸ್ ಹೊಲಿಯುವ ಊರು. ಹೊಲಿಗೆ ಕೆಲಸದವರ ಮನೆಗಳಲ್ಲಿ ಬಟ್ಟೆಗೆ ಅಂಟಿ ಬರುವ ನಾರು ಬೇರೆಡೆಗಿಂತ ಹೆಚ್ಚು. ನಾಲ್ಕು ಜೀನ್ಸ್ ಒಣಗಿಸಿದ ಮೇಲೆ ನಮ್ಮ ಯಂತ್ರದ ಲಿಂಟ್ ಫಿಲ್ಟರ್, ಅಂದರೆ ನಾರು ಹಿಡಿಯುವ ಜಾಲರಿ, ಹೊರಗೆಳೆದರೆ, ನೀಲಿ ಕಂಬಳಿಯ ತುಂಡಿನಂಥ ಪದರವೊಂದು ಇಡಿಯಾಗಿ ಕಿತ್ತು ಬರುತ್ತದೆ, ನಡುನಡುವೆ ಕೆಂಪು ಧೂಳಿನ ಗೆರೆಗಳು. ಅದನ್ನು ಪ್ರತಿ ಸಲವೂ ತೆಗೆಯಲೇಬೇಕು. ಆದರೆ ಕಣ್ಣಿಗೆ ಕಾಣದ ಇನ್ನೊಂದು ಪದರವೂ ಇರುತ್ತದೆ. ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಷನರ್‌ನ ಜಿಡ್ಡು ಜಾಲರಿಯ ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಶುಚಿಯಾಗಿ ಕಾಣುವ ಜಾಲರಿಯ ಮೇಲೆ ಒಂದು ಲೋಟ ನೀರು ಸುರಿದು ನೋಡಿ; ಸರ್ರನೆ ಇಳಿಯದೆ ಮೇಲೆಯೇ ನಿಂತರೆ, ಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಬೇಕು. ಬಿಸಿಗಾಳಿ ಹೊರಹೋಗುವ ಕೊಳವೆಯಿದ್ದರೆ ಅದನ್ನೂ ಬಿಚ್ಚಿ ನೋಡಬೇಕು: ಅದು ಗಿಡ್ಡವಾಗಿ, ನೇರವಾಗಿ, ಲೋಹದ್ದಾಗಿದ್ದಷ್ಟೂ ಒಳ್ಳೆಯದು, ಅದರ ಹೊರಬಾಯಿಯಲ್ಲಿ ಪಾರಿವಾಳ ಗೂಡು ಕಟ್ಟಿರಬಾರದು. ಕೊಳವೆಯಿಲ್ಲದೆ, ಆವಿಯನ್ನು ಒಳಗೇ ನೀರಾಗಿಸುವ ಕಂಡೆನ್ಸರ್ ಯಂತ್ರವಾದರೆ, ಹೊರಗೆ ತೆಗೆಯಲು ಬರುವ ಅದರ ಕಂಡೆನ್ಸರ್ ಭಾಗವನ್ನು ಕೈಪಿಡಿಯಲ್ಲಿ ಹೇಳಿದಂತೆ ನಲ್ಲಿಯ ಕೆಳಗೆ ತೊಳೆಯಬೇಕು.

ಪ್ಲಾಸ್ಟಿಕ್ ಕರಗಿದಂಥ ಅಥವಾ ಹಸಿ ಮೀನಿನಂಥ ವಾಸನೆಯಾದರೆ ಗೋಡೆಯ ಕಡೆ ನೋಡಿ. ಡ್ರೈಯರ್ ಸಾಮಾನ್ಯವಾಗಿ 2000ರಿಂದ 2500 ವ್ಯಾಟ್ ಎಳೆಯುತ್ತದೆ, ಅಂದರೆ 230 ವೋಲ್ಟಿನಲ್ಲಿ 9ರಿಂದ 11 ಆಂಪಿಯರ್. ಅದಕ್ಕೆ 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು. 6 ಆಂಪಿಯರ್‌ನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಒಳಗಿನ ಲೋಹದ ಪಟ್ಟಿಗಳು ಕಾದು ಬೋರ್ಡೇ ಮೆತ್ತಗಾಗುತ್ತದೆ. ಪ್ಲಗ್ಗಿನ ಕಾಲುಗಳ ಸುತ್ತ ಕಂದು ಬಣ್ಣ ಕಂಡರೂ, ಪ್ಲಗ್ ಸಡಿಲವಾಗಿ ಅಲುಗಾಡಿದರೂ, ಪ್ಲಗ್ಗನ್ನೂ ಸಾಕೆಟ್ಟನ್ನೂ ಎಲೆಕ್ಟ್ರಿಷಿಯನ್‌ನಿಂದ ಒಟ್ಟಿಗೇ ಬದಲಾಯಿಸಬೇಕು. ರಬ್ಬರ್ ಸುಟ್ಟ ವಾಸನೆಯಾದರೆ ಡ್ರಮ್ ತಿರುಗಿಸುವ ಬೆಲ್ಟ್ ಸವೆದಿರಬಹುದು. ಪ್ಲಗ್ ಕಿತ್ತಿಟ್ಟು, ಡ್ರಮ್ಮನ್ನು ಕೈಯಿಂದ ತಿರುಗಿಸಿ. ಕಿರುಗುಟ್ಟಿದರೆ ಅಥವಾ ತಡೆದರೆ ಮೆಕ್ಯಾನಿಕ್‌ಗೆ ಹೇಳಿ.

ಒಂದು ವರ್ಷ ನಮ್ಮ ಯಂತ್ರ ಬಿಸಿಯಾಗುವುದನ್ನೇ ನಿಲ್ಲಿಸಿತು. ರಿಪೇರಿಗೆ ಬಂದವರು ಹಿಂಬದಿ ಬಿಚ್ಚಿ, ಕರಗಿಹೋಗಿದ್ದ ಥರ್ಮಲ್ ಫ್ಯೂಸನ್ನು ತೆಗೆದುಹಾಕಿ, ಎರಡು ತಂತಿಗಳನ್ನು ನೇರವಾಗಿ ಜೋಡಿಸಿ ಹೋದರು. ನಾಲ್ಕನೆಯ ದಿನ ಎದ್ದ ಸುಟ್ಟ ವಾಸನೆ ಅಡುಗೆಮನೆಯವರೆಗೂ ಬಂತು. ಬಿಚ್ಚಿಸಿ ನೋಡಿದರೆ ಗಾಳಿಯ ದಾರಿಯಲ್ಲಿ ಹಿಡಿ ತುಂಬುವಷ್ಟು ನಾರು, ಅದರ ಒಂದು ಅಂಚು ಕರಕಲಾಗಿತ್ತು. ಇಂದಿಗೂ ಆ ಅಂಚು ನನ್ನ ಕಣ್ಣ ಮುಂದಿದೆ. ಆ ಪುಟ್ಟ ಫ್ಯೂಸ್ ಕರಗಿದ್ದೇ ಗಾಳಿ ಆಡದೆ ಕಾವು ಮಿತಿ ಮೀರಿದ್ದರಿಂದ; ಅದನ್ನು ಬಿಟ್ಟು ತಂತಿ ಜೋಡಿಸಿದರೆ ಕಾವಲುಗಾರನನ್ನು ಮನೆಗೆ ಕಳಿಸಿದಂತೆ. ಹೊಸ ಫ್ಯೂಸ್ ಹಾಕಿಸಿ, ಒಳಗಿನ ನಾರನ್ನೂ ನಿಮ್ಮ ಕಣ್ಣೆದುರೇ ತೆಗೆಸಿ.

ಎಣ್ಣೆಯ ಬಟ್ಟೆಗಳ ಬಗ್ಗೆ ನಮ್ಮ ಭಾಗದವರಿಗೆ ಒತ್ತಿ ಹೇಳಬೇಕು. ನಾವು ಬಳಸುವ ಕುಸುಬೆ ಎಣ್ಣೆ, ಅಗಸೆ ಎಣ್ಣೆಗಳು ಗಾಳಿ ತಾಗಿದರೆ ತಾವೇ ಒಣಗಿ ಗಟ್ಟಿಯಾಗುವ ಗುಣದವು. ಅದಕ್ಕಾಗಿಯೇ ಅವನ್ನು ಬಣ್ಣ, ವಾರ್ನಿಷ್‌ಗಳಲ್ಲೂ ಬಳಸುತ್ತಾರೆ. ಹಾಗೆ ಒಣಗುವಾಗ ಅವು ಕಾವು ಬಿಡುತ್ತವೆ. ಅಂಥ ಎಣ್ಣೆ ಕುಡಿದ ಒರೆಸುಬಟ್ಟೆಯೋ, ಎಣ್ಣೆಸ್ನಾನದ ಟವೆಲ್ಲೋ ಡ್ರೈಯರ್‌ನಿಂದ ಬಿಸಿಯಾಗಿ ಬಂದು ಬುಟ್ಟಿಯಲ್ಲಿ ಮುದ್ದೆಯಾಗಿ ಬಿದ್ದರೆ, ಯಂತ್ರ ನಿಂತು ಗಂಟೆಗಳಾದ ಮೇಲೂ ತಾನಾಗಿ ಹೊತ್ತಿಕೊಳ್ಳಬಹುದು. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲವಾದ್ದರಿಂದ ಇವಕ್ಕೆ ಬಿಸಿಲೇ ಸರಿ. ಕೊನೆಯ ಹತ್ತು ನಿಮಿಷ ಯಂತ್ರ ತಣ್ಣನೆಯ ಗಾಳಿ ಬಿಡುವಾಗ ನಡುವೆ ನಿಲ್ಲಿಸಬಾರದು. ಜೇಬುಗಳಲ್ಲಿ ಗುಟ್ಕಾ ಚೀಟಿ, ಲೈಟರ್ ಉಳಿಯದಂತೆ ನೋಡಿಕೊಳ್ಳಿ.

ಹಲವು ಮನೆಗಳಲ್ಲಿ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಹಿಂಡುವ ತೊಟ್ಟಿಯನ್ನೂ ಡ್ರೈಯರ್ ಎನ್ನುತ್ತಾರೆ. ಅದರಲ್ಲಿ ಹೀಟರ್ ಇಲ್ಲ. ಅಲ್ಲಿ ವಾಸನೆ ಬಂದರೆ ಬ್ರೇಕ್ ಉಜ್ಜುತ್ತಿರಬಹುದು, ಇಲ್ಲವೇ ಕಾಲುಚೀಲವೊಂದು ತೊಟ್ಟಿಯ ಪಕ್ಕ ಜಾರಿ ಸಿಕ್ಕಿಕೊಂಡಿರಬಹುದು. ಗುಂಯ್ ಎಂದು ಸದ್ದು ಮಾಡಿ ತಿರುಗದೇ ಇದ್ದರೆ ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್ ಕೆಟ್ಟು, ಮೋಟರ್ ಬಿಸಿಯಾಗುತ್ತಿರುವ ಸಾಧ್ಯತೆಯೇ ಹೆಚ್ಚು.

ದುರಸ್ತಿಯಾದ ಮೇಲೆ ಮೊದಲ ಸಲ ಎರಡು ಒದ್ದೆ ಟವೆಲ್ ಮಾತ್ರ ಹಾಕಿ, ಪಕ್ಕದಲ್ಲೇ ನಿಂತು ಇಪ್ಪತ್ತು ನಿಮಿಷ ನಡೆಸಿ. ಆರಿಸಿದ ಕೂಡಲೇ ಪ್ಲಗ್ಗಿನ ಬೆನ್ನು ಮುಟ್ಟಿ ನೋಡಿ. ಅದು ಸುಡದೆ, ಮೂಗಿಗೆ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆಯಷ್ಟೇ ಬಂದರೆ ಮರುದಿನದಿಂದ ಎಂದಿನಂತೆ ಬಳಸಬಹುದು, ಮನೆಯಲ್ಲಿ ಯಾರಾದರೂ ಎಚ್ಚರವಿರುವಾಗ ಮಾತ್ರ.