ಮತಯಂತ್ರ ಕಾಯುವುದು ಹೇಗೆ: ಬೂತ್ ಏಜೆಂಟರು ಬೆಳಗಿನ ಐದೂವರೆಗೇ ಬನ್ನಿ

ಗುಬ್ಬಿ, ತುರುವೇಕೆರೆ ಕಡೆಯ ಶಾಲೆಗಳಲ್ಲಿ ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ಹಲವು ಚುನಾವಣೆಗಳಲ್ಲಿ ಕೆಲಸ ಮಾಡಿದ್ದೇನೆ. ಪ್ರತಿ ಸಲವೂ ಒಂದೇ ದೃಶ್ಯ. ಏಳಕ್ಕೆ ಮತದಾನ ಶುರುವಾಗಬೇಕು. ಆರೂಮುಕ್ಕಾಲಿಗೆ ಅಭ್ಯರ್ಥಿಗಳ ಪ್ರತಿನಿಧಿಗಳಾದ ಏಜೆಂಟರು ಬರುತ್ತಾರೆ, ಬೆಂಚಿನ ಮೇಲೆ ಕೂರುವ ಮೊದಲೇ ‘ಎಲ್ಲಿ ಸಹಿ ಹಾಕಬೇಕು ಸಾರ್?’ ಎಂದು ಕೇಳುತ್ತಾರೆ, ತೋರಿಸಿದ ಕಡೆಯೆಲ್ಲ ಸಹಿ ಮಾಡುತ್ತಾರೆ. ಫಲಿತಾಂಶದ ದಿನ ಅವರಲ್ಲೇ ಕೆಲವರು ಯಂತ್ರದಲ್ಲಿ ಮೋಸವಾಗಿದೆ ಎಂದು ಕೂಗುತ್ತಾರೆ. ಅನುಮಾನ ಪಡುವುದು ತಪ್ಪಲ್ಲ. ಅದನ್ನು ಪರೀಕ್ಷಿಸಲು ನಿಮಗೆ ಕೊಟ್ಟ ಹೊತ್ತಿನಲ್ಲಿ ಮನೆಯಲ್ಲಿ ಮಲಗಿದ್ದದ್ದು ತಪ್ಪು.

1. ಹಿಂದಿನ ದಿನ

ನಿಮ್ಮ ಮತಗಟ್ಟೆಗೆ ಹಂಚಿಕೆಯಾದ ಕಂಟ್ರೋಲ್ ಯೂನಿಟ್ (ಅಧಿಕಾರಿಯ ಬಳಿ ಇರುವ, ಮತ ದಾಖಲಾಗುವ ಯಂತ್ರ), ಬ್ಯಾಲೆಟ್ ಯೂನಿಟ್ (ಮತದಾರ ಗುಂಡಿ ಒತ್ತುವ ಯಂತ್ರ) ಮತ್ತು ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್‌ನ ಸಂಖ್ಯೆಗಳ ಪಟ್ಟಿ ನಿಮ್ಮ ಅಭ್ಯರ್ಥಿಯ ಬಳಿ ಇರುತ್ತದೆ. ಅದನ್ನು ಕೇಳಿ ಪಡೆದು ಬರೆದುಕೊಳ್ಳಿ. ಕೈಯಲ್ಲಿ ಒಂದು ನೋಟ್‌ಬುಕ್, ಎರಡು ಬಾಲ್‌ಪೆನ್ ಇರಲಿ. ಜೆಲ್ ಪೆನ್ ಬೇಡವೇ ಬೇಡ: ಕಾಗದದ ಮುದ್ರೆಯ ಮೇಲೆ ಮಸಿ ಹರಡಿ, ಎಣಿಕೆಯ ದಿನ ನಿಮ್ಮ ಸಹಿಯನ್ನು ನೀವೇ ಗುರುತಿಸಲಾಗದಂತೆ ಆದದ್ದನ್ನು ಕಂಡಿದ್ದೇನೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರಾಯಿತು ಎಂದುಕೊಳ್ಳಬೇಡಿ, ಮತಗಟ್ಟೆಯೊಳಗೆ ಅದಕ್ಕೆ ಅವಕಾಶವಿಲ್ಲ.

2. ಅಣಕು ಮತದಾನ

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಮತದಾನಕ್ಕೆ ತೊಂಬತ್ತು ನಿಮಿಷ ಮೊದಲು, ಅಂದರೆ ಐದೂವರೆಗೆ, ಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ ಆರಂಭವಾಗುತ್ತದೆ. ಏಜೆಂಟರು ಬಾರದಿದ್ದರೆ ಅಧಿಕಾರಿ ಹದಿನೈದು ನಿಮಿಷ ಕಾದು ತಾನೇ ಮುಂದುವರಿಸುತ್ತಾರೆ. ಆಮೇಲೆ ಬಂದವರು ನೋಡಿದ್ದು ಮುಗಿದ ಮದುವೆಯ ಚಪ್ಪರ.

ಮೊದಲು ಯಂತ್ರಗಳ ಸಂಖ್ಯೆಯನ್ನು ನಿಮ್ಮ ಪಟ್ಟಿಯೊಂದಿಗೆ ತಾಳೆ ನೋಡಿ. ಕಂಟ್ರೋಲ್ ಯೂನಿಟ್‌ನ ಪರದೆ ತೋರಿಸುವ ದಿನಾಂಕ, ಸಮಯವನ್ನು ಬರೆದುಕೊಳ್ಳಿ. ಒಟ್ಟು ಮತ ಸೊನ್ನೆ ಎಂದು ಬರಬೇಕು, ವಿವಿಪ್ಯಾಟ್‌ನ ಚೀಟಿ ಬೀಳುವ ಪೆಟ್ಟಿಗೆ ಖಾಲಿ ಇರಬೇಕು. ಪೆಟ್ಟಿಗೆಯನ್ನು ಬಗ್ಗಿ ನೋಡಿ, ನಾಚಿಕೊಳ್ಳಬೇಡಿ. ವಿವಿಪ್ಯಾಟ್ ಕಿಟಕಿಯ ಪಕ್ಕದಲ್ಲೋ ಬಲ್ಬಿನ ಕೆಳಗೋ ಇದ್ದರೆ ಜಾಗ ಬದಲಿಸಲು ಹೇಳಿ. ನೇರ ಬೆಳಕು ಬಿದ್ದರೆ ಅದು ಕೈಕೊಡುತ್ತದೆ. ನಮ್ಮ ಹಳ್ಳಿ ಶಾಲೆಗಳಲ್ಲಿ ಪೂರ್ವದ ಕಿಟಕಿಯಿಂದ ಎಂಟು ಗಂಟೆಯ ಬಿಸಿಲು ನೇರವಾಗಿ ಮೇಜಿಗೇ ಬರುತ್ತದೆ.

ಕನಿಷ್ಠ 50 ಮತ ಹಾಕಬೇಕು, ನೋಟಾ ಸೇರಿ ಪ್ರತಿ ಗುಂಡಿಗೂ ಒಂದಾದರೂ ಬೀಳಬೇಕು. ‘ಹತ್ತು ಹಾಕಿ ಮುಗಿಸೋಣ’ ಎನ್ನುವ ಅಧಿಕಾರಿಗಳಿದ್ದಾರೆ. ಒಪ್ಪಲೇಬೇಡಿ. ಇನ್ನೊಂದು ಮಾತು, ಇದನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ: ಎಲ್ಲರಿಗೂ ಸಮನಾಗಿ ಮತ ಹಾಕಬೇಡಿ. ಇಬ್ಬರಿಗೂ ಐದೈದು ಹಾಕಿದರೆ, ಒಬ್ಬರ ಮತ ಇನ್ನೊಬ್ಬರಿಗೆ ಅದಲುಬದಲಾದರೂ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಒಬ್ಬರಿಗೆ ಒಂಬತ್ತು, ಇನ್ನೊಬ್ಬರಿಗೆ ಎರಡು, ಮತ್ತೊಬ್ಬರಿಗೆ ಆರು ಹೀಗೆ ಹಾಕಿ. ಪ್ರತಿ ಮತವನ್ನೂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಗುರುತಿಸಿ. ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸುತ್ತದೆ, ಅಷ್ಟರಲ್ಲಿ ಹೆಸರು, ಕ್ರಮಸಂಖ್ಯೆ, ಚಿಹ್ನೆ ಮೂರನ್ನೂ ನೋಡಿ.

ಬಳಿಕ ‘ಕ್ಲೋಸ್’ ಒತ್ತಿ, ‘ರಿಸಲ್ಟ್’ ಒತ್ತಿಸಿ. ಪರದೆಯ ಲೆಕ್ಕ, ಪೆಟ್ಟಿಗೆಯಿಂದ ತೆಗೆದು ಎಣಿಸಿದ ಚೀಟಿಗಳ ಲೆಕ್ಕ, ನಿಮ್ಮ ಗೆರೆಗಳ ಲೆಕ್ಕ, ಮೂರೂ ಒಂದೇ ಆಗಿರಬೇಕು. ಮುಂದಿನದು ‘ಕ್ಲಿಯರ್’. ಗಡಿಬಿಡಿಯಲ್ಲಿ ಮರೆತುಹೋಗುವುದು ಈ ಗುಂಡಿಯೇ. ಮರೆತರೆ ಅಣಕು ಮತಗಳೂ ಅಸಲಿ ಮತಗಳ ಜೊತೆ ಸೇರಿಕೊಳ್ಳುತ್ತವೆ, ಎಣಿಕೆಯ ದಿನ ಆ ಯಂತ್ರವನ್ನು ಪಕ್ಕಕ್ಕಿಡಬೇಕಾಗುತ್ತದೆ. ಪರದೆಯಲ್ಲಿ ಮತ್ತೆ ಸೊನ್ನೆ ಕಂಡ ಮೇಲೆಯೇ ಅಣಕು ಮತದಾನದ ಪ್ರಮಾಣಪತ್ರಕ್ಕೆ ಸಹಿ ಮಾಡಿ. ಅಣಕು ಚೀಟಿಗಳ ಹಿಂಬದಿಗೆ ಮೊಹರು ಒತ್ತಿ, ಕಪ್ಪು ಲಕೋಟೆಗೆ ಹಾಕಿ, ಲಕೋಟೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗುಲಾಬಿ ಮುದ್ರೆ ಹಾಕುವವರೆಗೂ ಕಣ್ಣು ತೆಗೆಯಬೇಡಿ.

3. ಮುದ್ರೆಗಳು

ಕಂಟ್ರೋಲ್ ಯೂನಿಟ್ಟಿನ ಫಲಿತಾಂಶದ ಭಾಗವನ್ನು ಮುಚ್ಚಿ ಹಾಕುವ ಹಸಿರು ಕಾಗದ ಮುದ್ರೆಯ ಸಂಖ್ಯೆಯನ್ನು ಮೊದಲು ಬರೆದುಕೊಳ್ಳಿ, ಆಮೇಲೆ ಸಹಿ. ಅಲ್ಲಿ ಸಂಖ್ಯೆಯೇ ಮುಖ್ಯ.

4. ಹಗಲು

ಚೀಟಿಯಲ್ಲಿ ಬೇರೆ ಹೆಸರು ಬಂತು ಎಂದು ಮತದಾರರು ದೂರಿದರೆ ಗಲಾಟೆ ಬೇಡ. 49ಎಂಎ ನಿಯಮದಂತೆ ಅವರು ಲಿಖಿತ ಘೋಷಣೆ ಕೊಡಬೇಕು, ಏಜೆಂಟರ ಎದುರಿನಲ್ಲೇ ಪರೀಕ್ಷಾ ಮತ ಹಾಕಬೇಕು. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ. ಸುಳ್ಳು ಘೋಷಣೆಗೆ ಶಿಕ್ಷೆಯಿದೆ. ಉಳಿದಂತೆ ಗಂಟೆಗೊಮ್ಮೆ ಒಟ್ಟು ಮತ ಕೇಳಿ ಬರೆದುಕೊಂಡರೆ ಸಾಕು.

5. ಸಂಜೆ: ನಮೂನೆ 17ಸಿ (ದಾಖಲಾದ ಮತಗಳ ಲೆಕ್ಕಪತ್ರ)

ಕೊನೆಯ ಮತದಾರ ಮತ ಹಾಕಿದ ಮೇಲೆ ‘ಕ್ಲೋಸ್’ ಒತ್ತುತ್ತಾರೆ. ಆ ಹೊತ್ತಿಗೆ ಬೆನ್ನು ಹಿಡಿದಿರುತ್ತದೆ, ಹೊರಗೆ ಗಾಡಿ ಕಾಯುತ್ತಿರುತ್ತದೆ. ಅರ್ಧದಷ್ಟು ಏಜೆಂಟರು ಖಾಲಿ ನಮೂನೆಗೇ ಸಹಿ ಮಾಡಿ ಎದ್ದು ಹೋದ ಮತಗಟ್ಟೆಯಲ್ಲಿ ನಾನು ಕೂತಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮತದಾರರು ಸಹಿ ಮಾಡುವ 17ಎ ವಹಿಯಲ್ಲಿ ದಾಖಲಾದವರ ಸಂಖ್ಯೆಯಿಂದ ಸಹಿ ಮಾಡಿಯೂ ಮತ ಹಾಕದವರನ್ನು, ಅಧಿಕಾರಿ ಮತ ಹಾಕಲು ಬಿಡದವರನ್ನು ಕಳೆಯಿರಿ. ಉಳಿದದ್ದು ಯಂತ್ರದ ಒಟ್ಟು ಮತಕ್ಕೆ ಸಮನಾಗಬೇಕು; ಪರೀಕ್ಷಾ ಮತ ಬಿದ್ದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಯಂತ್ರದ ಸಂಖ್ಯೆ, ಮುದ್ರೆಯ ಸಂಖ್ಯೆ ಎರಡೂ ನಿಮ್ಮ ನೋಟ್‌ಬುಕ್ಕಿಗೆ ಹೊಂದಬೇಕು.

ಹಾಜರಿರುವ ಪ್ರತಿ ಏಜೆಂಟರಿಗೂ ಇದರ ಪ್ರತಿಯನ್ನು ಅಲ್ಲೇ ಕೊಡಬೇಕೆಂದು 49ಎಸ್ ನಿಯಮ ಹೇಳುತ್ತದೆ. ‘ನಾಳೆ ತಾಲ್ಲೂಕು ಕಚೇರಿಯಲ್ಲಿ ಸಿಗುತ್ತದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ನಂಬಿ ಬರಿಗೈಯಲ್ಲಿ ಹೋಗಬೇಡಿ. ಪ್ರತಿ ಸಿಕ್ಕ ರಾತ್ರಿಯೇ ಎರಡು ಜೆರಾಕ್ಸ್ ಮಾಡಿಸಿ. 2024 ರಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರರಲ್ಲೂ ಏಪ್ರಿಲ್ 26 ರಂದು ಮತದಾನ, ಜೂನ್ 4 ರಂದು ಎಣಿಕೆ. ನಡುವೆ 39 ದಿನ. ಜೇಬಿನಲ್ಲಿ ಮಡಚಿಟ್ಟ ಕಾಗದ ಅಷ್ಟು ದಿನ ಬಾಳುವುದಿಲ್ಲ.

6. ಎಣಿಕೆ

ಯಂತ್ರ ಮೇಜಿಗೆ ಬಂದಾಗ ಮತ ನೋಡುವ ಮೊದಲು ಮುದ್ರೆ ನೋಡಿ, 17ಸಿ ಪ್ರತಿ ತೆರೆದಿಟ್ಟುಕೊಳ್ಳಿ. ಒಟ್ಟು ಮತದಲ್ಲಿ ಒಂದು ವ್ಯತ್ಯಾಸ ಕಂಡರೂ ಆಗಲೇ ಲಿಖಿತವಾಗಿ ಹೇಳಿ. ಒಂದೊಂದು ಮತಕ್ಕೂ ಎಷ್ಟು ಬೆಲೆ ಎಂಬುದು ಮಾಲೂರಿನವರಿಗೆ ಗೊತ್ತು: 2023 ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿನ ಅಂತರ 248, ವ್ಯಾಜ್ಯ ಹೈಕೋರ್ಟಿಗೆ ಹೋಗಿ 2025 ರಲ್ಲಿ ಮರುಎಣಿಕೆಯ ಆದೇಶ ಬಂತು.

ಸುಪ್ರೀಂ ಕೋರ್ಟಿನ 2019 ರ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ವಿವಿಪ್ಯಾಟ್‌ಗಳ ಚೀಟಿ ಎಣಿಸುತ್ತಾರೆ. ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ, ಅಂದರೆ 40 ಯಂತ್ರ. ಇದು ಕೊನೆಯಲ್ಲಿ ನಡೆಯುತ್ತದೆ, ಫಲಿತಾಂಶ ತಿಳಿಯಿತೆಂದು ಆಗ ಎದ್ದು ಹೋಗಬೇಡಿ. ನಮ್ಮಲ್ಲಿ ಮತದಾನ ನಡೆದ 2024 ರ ಅದೇ ಏಪ್ರಿಲ್ 26 ರಂದು ಬಂದ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪಿನ ಪ್ರಕಾರ, ಎರಡನೇ ಮತ್ತು ಮೂರನೇ ಸ್ಥಾನ ಪಡೆದವರು ಫಲಿತಾಂಶದ ಏಳು ದಿನಗಳೊಳಗೆ ಲಿಖಿತವಾಗಿ ಕೇಳಿ, ವೆಚ್ಚ ಕಟ್ಟಿ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5 ರಷ್ಟು ಯಂತ್ರಗಳ ಮೈಕ್ರೊಕಂಟ್ರೋಲರ್ (ಯಂತ್ರ ನಡೆಸುವ ಚಿಪ್) ಪರೀಕ್ಷೆ ಮಾಡಿಸಬಹುದು. ತಿದ್ದಿದ್ದು ಕಂಡುಬಂದರೆ ಹಣ ವಾಪಸು. ಯಾವ ಮತಗಟ್ಟೆಯ ಯಂತ್ರ ಕೇಳಬೇಕು ಎಂದು ಅಭ್ಯರ್ಥಿ ನಿಮ್ಮನ್ನೇ ಕೇಳುತ್ತಾರೆ. ಆಗ ನೋಟ್‌ಬುಕ್ ತೆಗೆದು ಸಂಖ್ಯೆ ಓದಿ ಹೇಳಿ.