ಶಾಲು ಅಂದರೆ ಸಾಲು ಅಂತ ಕೇಳುತ್ತಿತ್ತು

ಹೊರದೇಶದಲ್ಲಿರುವ ಐದಾರು ಮಕ್ಕಳಿಗೆ ಭಾನುವಾರ ಆನ್‌ಲೈನ್‌ನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಒಂದು ವಾರ ಉಕ್ತಲೇಖನ ಕೊಟ್ಟೆ. ನಾನು "ಶಾಲು" ಅಂದರೆ ನಾಲ್ಕು ಮಕ್ಕಳು "ಸಾಲು" ಅಂತ ಬರೆದರು. "ಮಿಸ್, ನಮಗೆ ಹಾಗೇ ಕೇಳಿಸ್ತು" ಅಂದಳು ಒಬ್ಬಳು. ಪಾಪ, ಅವರ ತಪ್ಪಲ್ಲ ಅಂತ ಆಗಲೇ ಅನ್ನಿಸಿತು.

ಕ್ಲಾಸ್ ಮುಗಿದ ಮೇಲೆ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶದಲ್ಲಿ ನನ್ನ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿದೆ. ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಮಾತಾಡಿದ ಹಾಗಿತ್ತು. ಅದೇ ರೆಕಾರ್ಡಿಂಗನ್ನು ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ತೆರೆದೆ. ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಅಂತ ಅದು ಚಿತ್ರವಾಗಿ ತೋರಿಸುತ್ತದೆ. 4000 ಹರ್ಟ್ಸ್‌ನಿಂದ ಮೇಲೆ ಏನೂ ಇಲ್ಲ, ಗೆರೆ ಎಳೆದು ಕತ್ತರಿಸಿದಂತೆ ಖಾಲಿ. ಇಂಟರ್ನೆಟ್ ನಿಧಾನ ಇರಬೇಕು ಅಂದುಕೊಂಡಿದ್ದೆ. ಆದರೆ ಈ ರೆಕಾರ್ಡಿಂಗ್ ಇಂಟರ್ನೆಟ್ ದಾಟಿ ಹೋಗಿಯೇ ಇರಲಿಲ್ಲ. ದನಿ ಕೆಡುತ್ತಿದ್ದದ್ದು ನನ್ನ ಕಂಪ್ಯೂಟರಿನಲ್ಲೇ.

ನನ್ನ ಕಂಪ್ಯೂಟರಿನಲ್ಲಿರುವುದು ಲಿನಕ್ಸ್‌ನ ಉಬುಂಟು 20.04, ಕಿವಿಗೆ ಬ್ಲೂಟೂತ್ ಹೆಡ್‌ಸೆಟ್. ಉಬುಂಟುವಿನಲ್ಲಿ ಸದ್ದನ್ನು ನಿಭಾಯಿಸುವ ತಂತ್ರಾಂಶ ಪಲ್ಸ್‌ಆಡಿಯೋ. ಅದರ ವಾಲ್ಯೂಮ್ ಕಂಟ್ರೋಲ್ ತೆರೆದು ಕಾನ್ಫಿಗರೇಶನ್ ಟ್ಯಾಬ್ ನೋಡಿದಾಗ ವಿಷಯ ತಿಳಿಯಿತು. ಹೆಡ್‌ಸೆಟ್‌ಗೆ ಎರಡು ಪ್ರೊಫೈಲ್, ಅಂದರೆ ಕೆಲಸ ಮಾಡುವ ಎರಡು ವಿಧಾನ ಇದ್ದವು. ಹಾಡು ಕೇಳಲು ಎ2ಡಿಪಿ: ಚೆನ್ನಾಗಿ ಕೇಳುತ್ತದೆ, ಆದರೆ ಮೈಕ್ ಇಲ್ಲ. ಮೈಕ್ ಬೇಕೆಂದರೆ ಎಚ್‌ಎಸ್‌ಪಿ. ಅದರಲ್ಲಿ ದನಿಯನ್ನು ಸೆಕೆಂಡಿಗೆ 8000 ಸಲ ಮಾತ್ರ ಅಳೆಯುತ್ತಾರೆ. ಹಾಗೆ ಅಳೆದರೆ ಅದರ ಅರ್ಧದವರೆಗಿನ, ಅಂದರೆ 4000 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಉಳಿಯುತ್ತದೆ. ಸಕಾರದ ಸಿಳ್ಳಿನಂಥ ಸದ್ದು ಹೆಚ್ಚಾಗಿ ಇರುವುದು ಅದಕ್ಕಿಂತ ಮೇಲೆ. ಶಕಾರದ್ದು ಸ್ವಲ್ಪ ಕೆಳಗೆ ಶುರುವಾಗುತ್ತದೆ. ಮೇಲಿನದ್ದನ್ನು ಕತ್ತರಿಸಿದರೆ ಎರಡಕ್ಕೂ ಇರುವ ವ್ಯತ್ಯಾಸವೇ ಹೋಯಿತು, ಅಲ್ವಾ? ಮಗು ಏನು ಮಾಡಬೇಕು?

2021ರಲ್ಲಿ ಬಂದ ಪಲ್ಸ್‌ಆಡಿಯೋ 15ರಿಂದ ಎಂಎಸ್‌ಬಿಸಿ ಅನ್ನುವ ಕೋಡೆಕ್ (ದನಿಯನ್ನು ಅಡಕ ಮಾಡಿ ಕಳಿಸುವ ವಿಧಾನ) ಸಿಗುತ್ತದೆ. ಅದು 16,000 ಸಲ ಅಳೆಯುತ್ತದೆ, ಹೆಡ್‌ಸೆಟ್ ಒಪ್ಪಬೇಕು ಅಷ್ಟೇ. ಉಬುಂಟು 22.10ರಿಂದ ಪಲ್ಸ್‌ಆಡಿಯೋ ಬದಲು ಬರುವ ಪೈಪ್‌ವೈರ್‌ನಲ್ಲೂ ಇದೆ. ಆದರೆ ಕ್ಲಾಸುಗಳ ನಡುವೆ ಇಡೀ ಸಿಸ್ಟಮ್ ಅಪ್‌ಗ್ರೇಡ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಹೆಡ್‌ಸೆಟ್ಟನ್ನು ಎ2ಡಿಪಿಗೆ ಹಾಕಿ ಬರೀ ಕೇಳಲು ಇಟ್ಟುಕೊಂಡೆ. ಮಾತಿಗೆ ಲ್ಯಾಪ್‌ಟಾಪಿನ ಒಳಗಿನ ಮೈಕ್.

ಸ, ಶ ಬೇರೆಯಾದವು. ಆದರೆ ಈಗ ಹಿಂದೆ "ಸ್ಸ್ಸ್" ಅಂತ ಮಳೆ ಸುರಿದಂಥ ಸದ್ದು. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಅನ್ನುವ, ಸೌಂಡ್ ಕಾರ್ಡಿನ ಮಟ್ಟಗಳನ್ನು ಹೊಂದಿಸುವ ಪ್ರೋಗ್ರಾಮ್ ತೆರೆದೆ. ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿ, ಎಫ್4 ಒತ್ತಿ ಕ್ಯಾಪ್ಚರ್ ಪುಟಕ್ಕೆ ಹೋದೆ. ಇಂಟರ್ನಲ್ ಮೈಕ್ ಬೂಸ್ಟ್ ಕೊನೆಯ ಮೆಟ್ಟಿಲಿನಲ್ಲಿ, 30 ಡೆಸಿಬೆಲ್‌ನಲ್ಲಿ ಕೂತಿತ್ತು. ಅಂದರೆ ಸುಮಾರು 30 ಪಟ್ಟು ಹಿಗ್ಗಿಸಿದ ದನಿ. ನನ್ನ ಮಾತಿನ ಜೊತೆ ಫ್ಯಾನಿನ ಸದ್ದೂ, ಮೈಕಿನ ಸ್ವಂತ ಗೊರಗೊರವೂ ಅಷ್ಟೇ ಹಿಗ್ಗಿತ್ತು. ಜೋರಾಗಿ ಮಾತಾಡಿದಾಗ ದನಿ ಒಡೆಯುತ್ತಲೂ ಇತ್ತು. ಬೂಸ್ಟನ್ನು 10ಕ್ಕೆ ಇಳಿಸಿ, ಲ್ಯಾಪ್‌ಟಾಪಿಗೆ ಹತ್ತಿರ ಕೂತೆ. ಎಷ್ಟೋ ವಾಸಿ.

ಮುಂದಿನ ಭಾನುವಾರ ಮತ್ತೆ ಅದೇ ಮಳೆ. ಬೂಸ್ಟ್ ತಾನಾಗಿ 30ಕ್ಕೆ ಏರಿತ್ತು. ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ಪಲ್ಸ್‌ಆಡಿಯೋ, ಕ್ಯಾಪ್ಚರ್ (ಮೈಕಿನ ರೆಕಾರ್ಡಿಂಗ್ ಮಟ್ಟ) ಮತ್ತು ಬೂಸ್ಟ್ ಎರಡನ್ನೂ ಸೇರಿಸಿ ಒಂದೇ ಸ್ಲೈಡರ್ ಮಾಡಿಕೊಂಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಪೂರ್ತಿ ಬಲಕ್ಕೆ ಎಳೆದರೆ ಬೂಸ್ಟೂ ಮೇಲೇರುತ್ತದೆ. ನಾನು ಎಳೆದಿರಲಿಲ್ಲ. ಮೀಟಿಂಗ್ ಆ್ಯಪ್ ತಾನೇ ಎಳೆಯುತ್ತಿತ್ತು. ಅದರಲ್ಲಿ ಮೈಕ್ ವಾಲ್ಯೂಮನ್ನು ತಾನಾಗಿ ಸರಿಪಡಿಸುವ ಟಿಕ್ ತೆಗೆದುಬಿಟ್ಟೆ. ಆಮೇಲೆ ಆಲ್ಸಾಮಿಕ್ಸರ್ ಮುಟ್ಟುವುದು ಬಿಟ್ಟು, ಆ ಸ್ಲೈಡರನ್ನೇ ಸುಮಾರು ಅರ್ಧಕ್ಕೆ ನಿಲ್ಲಿಸಿದೆ.

ಇನ್ನು ಉಳಿದದ್ದು ಸಣ್ಣ "ಗುಂಯ್". ಚಾರ್ಜರ್ ಕಿತ್ತರೆ ಹೋಗುತ್ತದೆ. ಒಂದು ಗಂಟೆಯ ಕ್ಲಾಸಿಗೆ ಬ್ಯಾಟರಿ ಸಾಕು.

ಈಗ ಕ್ಲಾಸಿಗೆ ಹತ್ತು ನಿಮಿಷ ಮುಂಚೆ "ಶಾಲು, ಸಾಲು" ಅಂತ ರೆಕಾರ್ಡ್ ಮಾಡಿ ಕೇಳುತ್ತೇನೆ. ಎರಡೂ ಬೇರೆ ಬೇರೆ ಕೇಳಿಸಿದರೆ ಮಾತ್ರ ಮಕ್ಕಳನ್ನು ಒಳಗೆ ಕರೆಯುತ್ತೇನೆ.